ತಡವಾಗಿ ಹಾಕಿದ ದಿಡ್ಡಿ ಬಾಗಿಲು

2024ರ ಮೇ ತಿಂಗಳ ಒಂದು ಮಳೆಗೆ ಹಂಪಿಯ ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯಲ್ಲಿ ಸಾಲು ಮಂಟಪದ ಒಂದು ಭಾಗ ಕುಸಿದುಬಿತ್ತು. ಕಂಬಗಳು ಮುರಿದು, ಚಪ್ಪಡಿಗಳು ಒಂದರ ಮೇಲೊಂದು ಒರಗಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂತು. ಆಗ ಆ ಸಾಲಿನಲ್ಲಿ ಯಾರೂ ವಾಸವಿರಲಿಲ್ಲ. ಹದಿಮೂರು ವರ್ಷಗಳ ಹಿಂದೆ, 2011ರ ಜುಲೈ ಕೊನೆಯಲ್ಲಿ, ಅಲ್ಲಿದ್ದವರನ್ನೆಲ್ಲ ಎಬ್ಬಿಸಿದ್ದು ಆ ಮಂಟಪಗಳನ್ನು ಉಳಿಸುವುದಕ್ಕೆಂದೇ.

ಜನ ಇದ್ದಿದ್ದರೆ ಮಂಟಪ ಬೀಳುತ್ತಿರಲಿಲ್ಲ ಎಂದು ವಾದಿಸಲು ಇದನ್ನು ಹೇಳುತ್ತಿಲ್ಲ. ಐದು ಶತಮಾನ ದಾಟಿದ ಕಲ್ಲು ಯಾವ ಮಳೆಗೆ ಮಣಿಯುತ್ತದೆ ಎಂದು ಯಾರು ಹೇಳಬಲ್ಲರು? ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸಂರಕ್ಷಣೆಯ ಹೆಸರಿನಲ್ಲಿ ನಾವು ಮಾಡಿದ್ದು ತೆರವು ಮಾತ್ರವೇ? ತೆರವಾದ ಮೇಲೆ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವೆ? ಹಂಪಿಯಲ್ಲಿ ಪ್ರವಾಸೋದ್ಯಮವನ್ನೂ ಪರಂಪರೆಯನ್ನೂ ಒಟ್ಟಿಗೆ ನಡೆಸುವ ಪ್ರಯತ್ನ ಶುರುವಾಗಿ ಕಾಲು ಶತಮಾನವಾಗಿದೆ. ಅದರ ಲೆಕ್ಕವನ್ನು ಒಮ್ಮೆ ನೋಡುವ ಹೊತ್ತು ಇದು.

ಹಂಪಿಯ ಸ್ಮಾರಕ ಸಮೂಹ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. ಹದಿಮೂರೇ ವರ್ಷಕ್ಕೆ, 1999ರಲ್ಲಿ, ಅದು 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೂ ಸೇರಿತು. ಕಾರಣ ತುಂಗಭದ್ರೆಗೆ ಕಟ್ಟುತ್ತಿದ್ದ ಎರಡು ಸೇತುವೆಗಳು. ತಳಾರಿಘಟ್ಟದಿಂದ ಆನೆಗೊಂದಿಗೆ ವಾಹನ ಸೇತುವೆ, ಹಂಪಿಯಿಂದ ವಿರುಪಾಪುರ ಗಡ್ಡಿಗೆ ಕಾಲು ಸೇತುವೆ. ಭಾರಿ ವಾಹನಗಳು ಹಳೆಯ ಕೋಟೆ ಬಾಗಿಲಿನ ದಾರಿಯಲ್ಲೇ ಹರಿದರೆ ಸ್ಮಾರಕಗಳ ಗತಿಯೇನು ಎಂಬುದು ಆಕ್ಷೇಪ. ಆ ಆಕ್ಷೇಪ ಸರಿ. ಆದರೆ ಆಚೆ ದಡದವರ ಅಳಲೂ ಸುಳ್ಳಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹದಿನಾರನೆಯ ಶತಮಾನದಲ್ಲಿ ಕಂಡ ಬುಟ್ಟಿಯಾಕಾರದ ಹರಿಗೋಲನ್ನೇ ಆನೆಗೊಂದಿಯವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲೂ ನಂಬಿದ್ದರು. ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಹರಿಗೋಲು ನಿಂತರೆ ಶಾಲೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಹತ್ತಾರು ಕಿಲೋಮೀಟರ್ ಸುತ್ತು. ಪ್ರವಾಸಿಗೆ ಹರಿಗೋಲು ಮೋಜು, ಊರವರಿಗೆ ಅದು ಪಾಡು.

ಮುಂದೆ ನಡೆದದ್ದು ದುರಂತ. ಮಾತುಕತೆ, ಭರವಸೆಗಳ ನಂತರ 2006ರಲ್ಲಿ ಹಂಪಿಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಆನೆಗೊಂದಿಯ ಸೇತುವೆ ಕೆಲಸ ನಡೆಯುತ್ತಿರುವಾಗಲೇ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಕೊನೆಗೆ ನದಿ ದಾಟಲು ಸೇತುವೆ ಎದ್ದದ್ದು ಸ್ವಲ್ಪ ದೂರದ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ, ಸ್ಮಾರಕಗಳ ನಡುಮನೆಯಿಂದ ಹೊರಗೆ. ಆ ಜಾಗ ಮೊದಲೂ ಅಲ್ಲೇ ಇತ್ತು, ನದಿಯೂ ಅದೇ. ಹುಡುಕಿದ್ದರೆ ಆಗಲೇ ಸಿಗುತ್ತಿದ್ದ ದಾರಿಯನ್ನು ಹಿಡಿಯಲು ಎರಡು ದಶಕ ಬೇಕಾಯಿತು. ಊರಿಗೆ ಸೇತುವೆ ಬೇಕೋ, ಕಲ್ಲಿಗೆ ಕಾವಲು ಬೇಕೋ ಎಂದು ಎರಡನ್ನೂ ಎದುರಾಳಿಗಳನ್ನಾಗಿ ನಿಲ್ಲಿಸಿದ್ದೇ ಇಲ್ಲಿಯ ಮೊದಲ ತಪ್ಪು.

ಈ ಗದ್ದಲದ ಫಲವಾಗಿ ಒಂದು ಒಳ್ಳೆಯ ಕೆಲಸವೂ ಆಯಿತು. 2002ರಲ್ಲಿ ಕಾಯ್ದೆ ಬಂದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಅದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿ. ಭಾರತದಲ್ಲಿ ಒಂದು ಪರಂಪರೆಯ ತಾಣಕ್ಕೆಂದೇ ಇಷ್ಟು ವಿಸ್ತಾರವಾದ ಭೂಮಿಯನ್ನು ಒಂದು ಕಾಯ್ದೆಯಡಿ ತರಲು ಹೊರಟದ್ದು ಧೈರ್ಯದ ಮಾತು. ಬಿಡಿಬಿಡಿ ಗುಡಿಗಳಿಗೆ ತಂತಿಬೇಲಿ ಹಾಕಿದರೆ ಹಂಪಿ ಉಳಿಯುವುದಿಲ್ಲ, ಬಂಡೆ, ಹೊಳೆ, ಗದ್ದೆ, ಊರು ಎಲ್ಲ ಸೇರಿದರೆ ಹಂಪಿ ಎಂಬ ತಿಳಿವಳಿಕೆ ಆ ಗಡಿರೇಖೆಯಲ್ಲೇ ಇದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಈಗಲೂ ಕಮಲಾಪುರದ ಸುತ್ತಲ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಹಾಳು ಹಂಪಿ ಎಂಬ ಮಾತು ನಾಲಗೆಗೆ ರೂಢಿಯಾಗಿದೆಯಷ್ಟೇ, ಮಡೆ ತಿರುಗಿಸುವ ರೈತನಿಗೆ ಹಂಪಿ ಎಂದೂ ಹಾಳಾಗಿಲ್ಲ.

ಕಾಗದದ ಮೇಲಿನ ಈ ತಿಳಿವಳಿಕೆ ನೆಲಕ್ಕಿಳಿದಾಗ ಏನಾಯಿತು ಎಂಬುದಕ್ಕೆ ಹಂಪಿ ಬಜಾರೇ ಸಾಕ್ಷಿ. ಅಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಸಾಲು ಮಂಟಪಗಳ ಒಳಗೂ ಹೊರಗೂ ಬದುಕು ಕಟ್ಟಿಕೊಂಡಿದ್ದವು. ಕಂಬಗಳ ನಡುವೆ ಇಟ್ಟಿಗೆ ಗೋಡೆ, ಮುಂದೆ ತಗಡಿನ ಚಪ್ಪರ, ಹಿಂದೆ ಅಡುಗೆಮನೆ. ಒಂದು ಕಡೆ ಹೂವು ಕಾಯಿ, ಇನ್ನೊಂದು ಕಡೆ ವಿದೇಶಿಯರಿಗೆ ಬಾಳೆಹಣ್ಣಿನ ಪ್ಯಾನ್‌ಕೇಕು. ಇದು ಸ್ಮಾರಕಕ್ಕೆ ಹಾನಿ ಮಾಡುತ್ತಿದ್ದುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಗೋಡೆಗಳು ಒಂದು ರಾತ್ರಿಯಲ್ಲಿ ಎದ್ದವಲ್ಲ. ಮೊದಲ ಇಟ್ಟಿಗೆ ಇಟ್ಟಾಗ ಯಾರೂ ಬೇಡ ಎನ್ನಲಿಲ್ಲ. ವಿದ್ಯುತ್ ಸಂಪರ್ಕ ಬಂತು, ಗಿರಾಕಿ ಬಂದ, ಮಕ್ಕಳು ಅಲ್ಲೇ ದೊಡ್ಡವರಾದರು. ದಶಕಗಳ ಕಾಲ ಕಂಡೂ ಕಾಣದಂತಿದ್ದ ಆಡಳಿತ ಒಮ್ಮೆಲೇ ಎಚ್ಚೆತ್ತು ಜೆಸಿಬಿ ತಂದಿತು. ಹೊರಬಿದ್ದವರಿಗೆ ಕಡ್ಡಿರಾಂಪುರದ ಬಳಿ ನಿವೇಶನ ಎಂಬ ಮಾತು ಸಿಕ್ಕಿತು. ಅಲ್ಲಿಗೆ ಪ್ರವಾಸಿ ಬರುವುದಿಲ್ಲ, ವಿರೂಪಾಕ್ಷನ ತೇರೂ ಬರುವುದಿಲ್ಲ.

ವಿರುಪಾಪುರ ಗಡ್ಡಿಯ ಕಥೆ ಇನ್ನೂ ನಿಚ್ಚಳ. ನದಿಯ ನಡುವಿನ ಈ ಭತ್ತದ ನೆಲ 1988ರ ಅಧಿಸೂಚನೆಯಲ್ಲೇ ಸಂರಕ್ಷಿತ ಪ್ರದೇಶವಾಗಿತ್ತು. ಆದರೂ ಕಾಲಕ್ರಮದಲ್ಲಿ ಅಲ್ಲಿ ರೆಸಾರ್ಟ್‌ಗಳು ಸಾಲುಗಟ್ಟಿದವು, ಅದಕ್ಕೆ 'ಹಿಪ್ಪಿ ಐಲ್ಯಾಂಡ್' ಎಂಬ ಅಡ್ಡಹೆಸರೂ ಬಂತು. 2015ರಲ್ಲಿ ಹೈಕೋರ್ಟ್ ಈ ಕಟ್ಟಡಗಳು ಅಕ್ರಮ ಎಂದಿತು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಮಾರ್ಚ್ ಮೊದಲ ವಾರದಲ್ಲಿ ಗಡ್ಡಿ ನೆಲಸಮವಾಯಿತು. ನ್ಯಾಯಾಲಯದ ತೀರ್ಪಿನ ಬಗ್ಗೆ ತಕರಾರಿಲ್ಲ. ಆದರೆ 1988ರ ನಿಯಮ 2020ರಲ್ಲಿ ಜಾರಿಯಾದರೆ ನಡುವಿನ ಮೂವತ್ತೆರಡು ವರ್ಷ ಆ ನಿಯಮ ಎಲ್ಲಿತ್ತು? ಆಗಲೇ ತಡೆದಿದ್ದರೆ ಒಂದು ನೋಟಿಸಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಪೊಲೀಸ್ ಪಡೆ ಬೇಕಾಯಿತು. ತಡವಾಗಿ ಬಂದ ಕಾನೂನು ಕಟುವಾಗಿಯೇ ಬರಬೇಕಾಗುತ್ತದೆ, ಅದರ ಏಟು ಬೀಳುವುದು ಹೆಚ್ಚಾಗಿ ಪಾತ್ರೆ ತೊಳೆಯುತ್ತಿದ್ದವರ, ಹರಿಗೋಲು ಹಾಕುತ್ತಿದ್ದವರ ಮೇಲೆ.

ಇಷ್ಟಾಗಿಯೂ ಒತ್ತಡ ಕಡಿಮೆಯಾಯಿತೆ? ಗಡ್ಡಿಯಲ್ಲಿ ಕಿತ್ತದ್ದು ಸಾಣಾಪುರದ ಕಡೆ ಚಿಗುರಿತು. ರೆಸಾರ್ಟ್‌ಗಳು, ಹೋಮ್‌ಸ್ಟೇಗಳು ಹೊಳೆಯಾಚೆಯ ಹಳ್ಳಿಗಳಿಗೆ ಹಬ್ಬಿದವು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಭೀಕರ ದಾಳಿಯ ನಂತರವಷ್ಟೇ ಪರವಾನಗಿ ಇಲ್ಲದ ವಸತಿಗೃಹಗಳನ್ನು ಎಣಿಸುವ ಮಾತು ಜೋರಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮದು. ಕೋಟೆಗಳ ಊರಾದ ಹಂಪಿಯ ಆಡಳಿತಕ್ಕೆ ಅದು ಒಪ್ಪುವಷ್ಟು ಬೇರೆಲ್ಲೂ ಒಪ್ಪಲಾರದು.

ತಡವಾಗುವುದಕ್ಕೆ ಕಾರಣಗಳೂ ಇವೆ. ಹಂಪಿ ಇರುವುದು ಈಗಿನ ವಿಜಯನಗರ ಜಿಲ್ಲೆಯಲ್ಲಿ, ಆನೆಗೊಂದಿ ಮತ್ತು ಸಾಣಾಪುರ ಕೊಪ್ಪಳ ಜಿಲ್ಲೆಯಲ್ಲಿ. ಸ್ಮಾರಕಗಳಲ್ಲಿ ಕೆಲವು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯವು, ಕೆಲವು ರಾಜ್ಯದವು. ಪೂಜೆ ಇರುವ ಗುಡಿಗೆ ಮುಜರಾಯಿ ಇಲಾಖೆ, ಕಾಲುವೆಗೆ ನೀರಾವರಿ ಇಲಾಖೆ, ಗುಡ್ಡಕ್ಕೆ ಅರಣ್ಯ ಇಲಾಖೆ, ಊರಿಗೆ ಗ್ರಾಮ ಪಂಚಾಯಿತಿ. ಇಷ್ಟು ಜನ ಯಜಮಾನರಿರುವ ಮನೆಯಲ್ಲಿ ಕಸ ಗುಡಿಸುವವರು ಯಾರು ಎಂಬುದೇ ಪ್ರಶ್ನೆ. ಈ ಗೊಂದಲಕ್ಕೆ ಮದ್ದಾಗಬೇಕಿದ್ದ ಪ್ರಾಧಿಕಾರ ಬಹುಪಾಲು ಅನುಮತಿ ಕೊಡುವ ಅಥವಾ ನಿರಾಕರಿಸುವ ಕಚೇರಿಯಾಗಿ ಉಳಿಯಿತು. ಮನೆಗೊಂದು ಕೋಣೆ ಸೇರಿಸಲೂ ಹಳ್ಳಿಯವನು ಅದರ ಬಾಗಿಲು ತಟ್ಟಬೇಕು. ರಾಯರ ಕಾಲದ ನೆಲ ಎಂಬ ಹೆಮ್ಮೆ ಅವನಿಗೆ ಹೊರೆಯಾಗುವುದು ಇಲ್ಲಿ.

ಹಣದ ಲೆಕ್ಕವೂ ಹೀಗೆಯೇ ಇದೆ. ವಿಜಯ ವಿಠ್ಠಲ ದೇವಾಲಯದ ಟಿಕೆಟ್ಟಿನ ಹಣ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ. ದೊಡ್ಡ ಹೋಟೆಲುಗಳ ವಹಿವಾಟು ಹೊಸಪೇಟೆಯಲ್ಲಿ. ಪ್ರವಾಸಿ ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿ ಮಾತ್ರ ಹಳ್ಳಿಯ ಪಾಲಿಗೆ. ಪ್ರವಾಸೋದ್ಯಮದಿಂದ ಆದಾಯ ಬರುತ್ತದೆ ಎನ್ನುವಾಗ ಯಾರಿಗೆ ಎಂಬ ಪ್ರಶ್ನೆ ಕೇಳದಿದ್ದರೆ ಆ ಮಾತು ಅರ್ಧ ಸತ್ಯ. ನಿರ್ಬಂಧದ ಭಾರ ಹೊತ್ತವರಿಗೇ ಆದಾಯದ ಮೊದಲ ತುತ್ತು ಸಿಗದಿದ್ದರೆ ಅವರು ನಿಯಮವನ್ನು ಕಾಯುವುದಿಲ್ಲ, ನಿಯಮದ ಕಣ್ಣು ತಪ್ಪಿಸಲು ಕಾಯುತ್ತಾರೆ.

ಒಳ್ಳೆಯ ಉದಾಹರಣೆಗಳು ಇಲ್ಲವೆಂದಲ್ಲ, ಮತ್ತು ಅವು ದೂರವೂ ಇಲ್ಲ. ವಿಠ್ಠಲ ದೇವಾಲಯದ ಬಾಗಿಲವರೆಗೆ ಒಂದು ಕಾಲಕ್ಕೆ ಬಸ್ಸು, ಕಾರುಗಳು ಹೊಗೆ, ಧೂಳು ಎಬ್ಬಿಸುತ್ತ ಬರುತ್ತಿದ್ದವು. ಈಗ ವಾಹನಗಳು ಗೆಜ್ಜಲ ಮಂಟಪದ ಕಡೆ ನಿಲ್ಲುತ್ತವೆ, ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ ಇಲ್ಲವೇ ಕಾಲ್ನಡಿಗೆ. ಆ ಗಾಡಿಗಳನ್ನು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳೂ ಓಡಿಸುತ್ತಾರೆ. ಯಾರನ್ನೂ ಒಕ್ಕಲೆಬ್ಬಿಸದೆ ಕಲ್ಲಿಗೂ ಲಾಭ, ಊರಿಗೂ ಲಾಭ. ಸಂಗೀತದ ಕಂಬಗಳನ್ನು ಕುಟ್ಟಿ ನಾದ ಕೇಳುವ ಚಟಕ್ಕೂ ಈಗ ತಡೆ ಬಿದ್ದಿದೆ. 2019ರಲ್ಲಿ ಆನೆಲಾಯದ ಹಿಂದಿನ ವಿಷ್ಣು ಗುಡಿಯ ಕಂಬವನ್ನು ಉರುಳಿಸಿದ ನಾಲ್ವರು ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ, ಬೀಳಿಸಿದ್ದನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ತಪ್ಪಿನ ಬೆನ್ನಲ್ಲೇ ಬಂದ, ತಪ್ಪಿಗೆ ತಕ್ಕ ಶಿಕ್ಷೆ ಅದು.

ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಇನ್ನೊಂದು ದಾರಿ ತೋರಿಸಿದೆ. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡಿನಿಂದ ನಾರು ತೆಗೆದು, ಹೊಸೆದು ಚಾಪೆ, ಚೀಲ, ಬುಟ್ಟಿ ಮಾಡುವ ಕೆಲಸ ಅಲ್ಲಿಯ ಹೆಂಗಸರಿಗೆ ಕೂಲಿ ಕೊಟ್ಟಿದೆ. ಇಲ್ಲಿ ಪ್ರವಾಸಿಗೆ ಮಾರುತ್ತಿರುವುದು ಸ್ಮಾರಕವನ್ನಲ್ಲ, ಆ ನೆಲದ ಬೆಳೆಯನ್ನು. ಇದನ್ನು ಅತಿಯಾಗಿ ಹೊಗಳಲೂ ಬಾರದು. ಒಂದು ಊರಿನ ಪ್ರಯತ್ನ 29 ಹಳ್ಳಿಗಳಿಗೆ ಉತ್ತರವಾಗದು. ಸರ್ಕಾರದ ಯೋಜನೆಯ ಅಂಚಿನಲ್ಲಿ ಇರುವ ತನಕ ಇಂಥವು ಚಂದದ ಅಪವಾದಗಳಾಗಿಯೇ ಉಳಿಯುತ್ತವೆ.

ಈಗಿನ ಪರೀಕ್ಷೆ ಆನೆಗೊಂದಿ ಬಳಿಯ ಅಂಜನಾದ್ರಿಯದು. 575 ಮೆಟ್ಟಿಲುಗಳ ಈ ಬೆಟ್ಟಕ್ಕೆ ಹನುಮ ಮಾಲಾಧಾರಿಗಳೂ ಯಾತ್ರಿಕರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. 2022–23ರ ರಾಜ್ಯ ಬಜೆಟ್ ಇದರ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಿತು, ರೋಪ್‌ವೇಯ ಮಾತೂ ಇದೆ. ಭಕ್ತಿಯನ್ನು ಬೇಡ ಎನ್ನಲು ಯಾರಿಗೂ ಹಕ್ಕಿಲ್ಲ, ಮುದುಕರಿಗೆ ಬೆಟ್ಟ ಹತ್ತಲು ಅನುಕೂಲ ಬೇಕು ಎಂಬುದೂ ಸರಿ. ಆದರೆ ಒಂದು ದಿನಕ್ಕೆ ಬೆಟ್ಟ ಎಷ್ಟು ಜನರನ್ನು ತಾಳುತ್ತದೆ, ಅವರಿಗೆ ನೀರು ಎಲ್ಲಿಂದ, ಶೌಚದ ನೀರು ಎಲ್ಲಿಗೆ, ಗಾಡಿಗಳು ಯಾರ ಗದ್ದೆಯ ಪಕ್ಕದಲ್ಲಿ ನಿಲ್ಲುತ್ತವೆ ಎಂಬ ಲೆಕ್ಕ ಕಾಮಗಾರಿಗೆ ಮೊದಲು ಆಗಬೇಕು. ಕುಮಾರಪರ್ವತದಲ್ಲಿ 2024ರ ಜನವರಿಯ ನೂಕುನುಗ್ಗಲಿನ ನಂತರ ಅರಣ್ಯ ಇಲಾಖೆ ಚಾರಣದ ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿ ಆನ್‌ಲೈನ್ ನೋಂದಣಿ ತಂದಿತು. ಮಿತಿ ಹಾಕಬಹುದು, ಜನ ಅದಕ್ಕೆ ಹೊಂದಿಕೊಳ್ಳುತ್ತಾರೆ ಎಂಬುದಕ್ಕೆ ಅದು ನಿದರ್ಶನ. ಆದರೆ ಅಲ್ಲಿಯೂ ನೂಕುನುಗ್ಗಲು ಮೊದಲು, ನಿಯಮ ಆಮೇಲೆ. ಅಂಜನಾದ್ರಿಯಲ್ಲಾದರೂ ಈ ಕ್ರಮ ತಿರುವುಮುರುವಾಗಲಿ.

ಇದೇನೂ ಹೊಸ ವಿದ್ಯೆಯಲ್ಲ. ಮುಕ್ಕಾಲು ಕಿಲೋಮೀಟರ್‌ನಷ್ಟು ಉದ್ದದ ರಥಬೀದಿಯನ್ನು ನೋಡಿದರೆ ಸಾಕು. ತೇರು ಸರಾಗವಾಗಿ ಎಳೆಯಲು ಬೇಕಾದ ಅಗಲ, ಇಕ್ಕೆಲದಲ್ಲಿ ವ್ಯಾಪಾರಕ್ಕೂ ನೆರಳಿಗೂ ಮಂಟಪಗಳು, ಮೀಯಲು ಪಕ್ಕದಲ್ಲೇ ಹೊಳೆ. ಜನ ಬರುತ್ತಾರೆ ಎಂಬುದನ್ನು ಮೊದಲೇ ಎಣಿಸಿ ಕಟ್ಟಿದ ಬೀದಿ ಅದು. ಚೈತ್ರದ ರಥೋತ್ಸವದ ದಿನ ಇಂದಿಗೂ ಸಾವಿರಾರು ಜನ ಅದೇ ಬೀದಿಯಲ್ಲಿ ಸೇರಿ, ತೇರು ಎಳೆದು, ಹಣ್ಣು ಎಸೆದು ಮನೆಗೆ ಹೋಗುತ್ತಾರೆ. ಐನೂರು ವರ್ಷಗಳ ಹಿಂದೆ ಬರುವವರ ಲೆಕ್ಕ ಹಾಕಿ ಕಟ್ಟಿದ ಮಂಟಪಕ್ಕೆ, ನಮ್ಮ ಕಾಲದಲ್ಲಿ, ಮಳೆಗಾಲ ಬರುವ ಮೊದಲು ಬೇಕಾದ ಆಸರೆ ಸಿಗಲಿಲ್ಲ.