ಸೊನ್ನೆಯಲ್ಲಿ ಪಾಸಾದ ಜಾಕೋಬಿಯನ್

 

ರಾಬರ್ಟ್‌ಸನ್‌ನ 1966ರ ಮೂರು ರಾಸಾಯನಿಕಗಳ ಲೆಕ್ಕ ಸ್ಟಿಫ್ ಸಾಲ್ವರ್‌ಗಳ ಹಳೇ ಒರೆಗಲ್ಲು. ಸನ್‌ಡಯಲ್ಸ್ ಎಂಬ ಸಾಲ್ವರ್ ಸಂಗ್ರಹದ ಉದಾಹರಣೆಗಳಲ್ಲೂ ಇದೆ. ವೇಗಾಂಕಗಳು 0.04, 10,000 ಮತ್ತು 3 ಕೋಟಿ. ಈ 3 ಕೋಟಿ ಇರುವುದು ಎರಡನೇ ರಾಸಾಯನಿಕದ ಪ್ರಮಾಣವಾದ ವೈ2ರ ವರ್ಗದ ಮುಂದೆ. ಡಿರೈವೇಟಿವ್ ತೆಗೆದಾಗ 6 ಕೋಟಿ ಆಗಬೇಕು. ಅವಸರದ ಕೈ ಆ 2 ಅನ್ನು ನುಂಗುತ್ತದೆ.

ಮಜಾ ಇರುವುದು ಮುಂದೆ. ಒಟ್ಟು ದ್ರವ್ಯ ಬದಲಾಗದ ಕಾರಣ ಈ ಡಿರೈವೇಟಿವ್‌ಗಳ ಮ್ಯಾಟ್ರಿಕ್ಸ್ ಆದ ಜಾಕೋಬಿಯನ್ನಿನ ಪ್ರತಿ ಕಂಬಸಾಲೂ ಕೂಡಿದರೆ ಸೊನ್ನೆ. ನನಗೆ ಪ್ರಿಯವಾದ ಪುಕ್ಕಟೆ ಪರೀಕ್ಷೆ. ಆದರೆ ಎರಡನೇ ಸಾಲಿನಲ್ಲಿ ಮೈನಸ್ಸಾಗಿ, ಮೂರನೆಯದರಲ್ಲಿ ಪ್ಲಸ್ಸಾಗಿ ಅದೇ ತಪ್ಪು ಕೂತರೆ ಒಂದನ್ನೊಂದು ಹೊಡೆದುಹಾಕುತ್ತವೆ. ಆರಂಭದ ಬಿಂದುವಿನಲ್ಲಿ ಫೈನೈಟ್ ಡಿಫರೆನ್ಸ್ ತೆಗೆದು ಹೋಲಿಸಿದರೂ ಪಾಸ್: ಅಲ್ಲಿ ವೈ2 ಸೊನ್ನೆ, 3 ಕೋಟಿಯೂ 6 ಕೋಟಿಯೂ ಒಂದೇ.

ಸಾಲ್ವರ್ ಕೂಗಿ ಹೇಳುವುದಿಲ್ಲ. ನ್ಯೂಟನ್ ಸುತ್ತು ಹೆಚ್ಚುತ್ತದೆ, ಹೆಜ್ಜೆ ಕಿರಿದಾಗುತ್ತದೆ, ಉತ್ತರ ಮಾತ್ರ ಸರಿಯಾಗೇ ಬರುತ್ತದೆ. ತೀರ್ಪು ಕೊಡುವುದು ರೆಸಿಡ್ಯುಯಲ್ ತಾನೆ. ರೋಸೆನ್‌ಬ್ರಾಕ್ ವಿಧಾನದಲ್ಲಿ ಆ ಪುಣ್ಯವೂ ಇಲ್ಲ: ಜಾಕೋಬಿಯನ್ ಸೂತ್ರದೊಳಗೇ ಇರುವುದರಿಂದ ನಿಖರತೆಯೇ ಕೆಡುತ್ತದೆ.

1980ರ ಮಿನ್‌ಪ್ಯಾಕ್ ಲೈಬ್ರರಿ ಇದನ್ನೆಲ್ಲ ಬಲ್ಲದು. ಮೊರೆ, ಗಾರ್ಬೋ, ಹಿಲ್‌ಸ್ಟ್ರಾಮ್ ಅರ್ಗಾನ್‌ನಲ್ಲಿ ಕೂತು ಬರೆದ, ಡಿರೈವೇಟಿವ್ ಪರೀಕ್ಷಿಸುವ ಚೆಕ್‌ಡರ್ ಅನ್ನು ಎರಡು ಸಲ ಕರೆಯಬೇಕು. ಮೊದಲ ಸಲ ಪಕ್ಕದ ಬಿಂದು ಕೊಡುತ್ತದೆ, ಎರಡನೇ ಸಲ ಒಂದೊಂದು ಫಂಕ್ಷನ್ನಿಗೂ 0ರಿಂದ 1ರೊಳಗೆ ಅಂಕ ಹಾಕುತ್ತದೆ. ಪರೀಕ್ಷೆಯ ಬಿಂದುವಿನಲ್ಲಿ ಸೊನ್ನೆ ಇರಕೂಡದು ಎಂಬ ಎಚ್ಚರಿಕೆ ಅದರ ಕಾಮೆಂಟಿನಲ್ಲೇ ಇದೆ. ಓದುವವರು ಕಡಿಮೆ.

‘ಆಟೋಡಿಫ್ ಇರುವಾಗ ಕೈಬರಹ ಯಾಕೆ?’ ಎನ್ನುವ ಪಂಗಡಕ್ಕೆ ನನ್ನ ಹಳೇ ಉತ್ತರವೇ: ಒಂಬತ್ತು ಮನೆಗಳ ಮ್ಯಾಟ್ರಿಕ್ಸಿಗೆ ಇಡೀ ಲೈಬ್ರರಿ ಹೊರುವುದು ನಿಮಗೆ ಇಷ್ಟವಿದ್ದರೆ ಹೊರಿ.

ರಾಬರ್ಟ್‌ಸನ್ ಲೆಕ್ಕದ ಮೂರು ಪ್ರಮಾಣಗಳಿಗೆ ನೀವು 0.9, 0.00003, 0.1 ಇಟ್ಟು ನೋಡಿ. ನಡುಮನೆಯಲ್ಲಿ ಮೈನಸ್ 2800 ಬರಬೇಕು. 2 ನುಂಗಿದ್ದರೆ ಮೈನಸ್ 1900. ತಾಳೆಗೆ ಕಾಂಪ್ಲೆಕ್ಸ್ ಸ್ಟೆಪ್ ಬಳಸಿ. ಕಳೆಯುವ ಕೆಲಸವೇ ಇಲ್ಲದ್ದರಿಂದ ಹತ್ತರ ಮೈನಸ್ ಇಪ್ಪತ್ತನೇ ಘಾತದಷ್ಟು ಸಣ್ಣ ಹೆಜ್ಜೆಯೂ ನಡೆಯುತ್ತದೆ. ಕೋಡಿನಲ್ಲಿ ಆಬ್ಸ್ ಇದ್ದರೆ ಮಾತ್ರ ಹುಷಾರು.