ಆಗಿಹೋದ ಮೇಲೆ ಏನು?

ಹೈಸ್ಕೂಲುಗಳ ಸೈಬರ್ ಅರಿವು ಕಾರ್ಯಕ್ರಮಕ್ಕೆ ಒಂದು ಸಿದ್ಧ ಅಚ್ಚಿದೆ. ಠಾಣೆಯಿಂದ ಸಾಹೇಬರು ಬರುತ್ತಾರೆ. ಗೊತ್ತಿಲ್ಲದವರ ರಿಕ್ವೆಸ್ಟ್ ಒಪ್ಪಬೇಡಿ, ಓಟಿಪಿ ಹೇಳಬೇಡಿ, ಫೋಟೊ ಕಳಿಸಬೇಡಿ ಎನ್ನುತ್ತಾರೆ. ಸೈಬರ್ ಸಹಾಯವಾಣಿ 1930 ನಂಬರನ್ನು ಮಕ್ಕಳಿಂದ ಜೋರಾಗಿ ಹೇಳಿಸಿ ವಂದನಾರ್ಪಣೆ. ಪೊಲೀಸ್ ಇಲಾಖೆಯ ‘ತೆರೆದ ಮನೆ’ಯಲ್ಲಿ ಮಕ್ಕಳೇ ಠಾಣೆಗೆ ಹೋಗುತ್ತಾರೆ, ಮೆಟ್ಟಿಲು ಹತ್ತುವ ಅಂಜಿಕೆ ಕಳೆಯುವ ಮಟ್ಟಿಗೆ ಅದು ಮೇಲು.

ಹೇಳುವುದೇನೂ ಸುಳ್ಳಲ್ಲ. ಆದರೆ ಹೊಗೆಸೊಪ್ಪು ಬೆಳೆಯುವ ಹನಗೋಡು ಕಡೆಯ ಮನೆಗಳಲ್ಲಿ ಫೋನು ಅಪ್ಪನದು, ಸಿಮ್ಮು ಅಪ್ಪನದು, ಪಿನ್ನು ಗೊತ್ತಿರುವುದು ಮಗನಿಗೆ. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಹೊಗೆಸೊಪ್ಪಿನ ಬೇಲು ಮಾರಿದ ದುಡ್ಡು ಖಾತೆಗೆ ಬಿತ್ತೋ ಇಲ್ಲವೋ ಎಂದು ಮೆಸೇಜು ಓದಿ ಹೇಳುವವನು ಒಂಬತ್ತನೇ ಕ್ಲಾಸಿನ ಹುಡುಗ. ಗೊಬ್ಬರದಂಗಡಿಗೆ ಫೋನ್‌ಪೇ ಒತ್ತುವವನೂ ಅವನೇ. ‘ಪೋಷಕರು ಮಕ್ಕಳ ಮೊಬೈಲಿನ ಮೇಲೆ ಕಣ್ಣಿಡಬೇಕು’ ಎಂಬ ಬುದ್ಧಿಮಾತಿಗೆ ಇಲ್ಲಿ ಕಾಲೂರಲು ಜಾಗವಿಲ್ಲ. ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ 2023ರ ಡೇಟಾ ಸಂರಕ್ಷಣೆ ಕಾಯ್ದೆ. ಒಪ್ಪಿಗೆ ಕೇಳುವ ಮೆಸೇಜನ್ನೂ ಅವನೇ ಓದಿ ಹೇಳಬೇಕಲ್ಲ!

ಇದಕ್ಕಿಂತ ದೊಡ್ಡ ಕೊರತೆ, ಕಷ್ಟ ಶುರುವಾಗುವ ಕಡೆ ಭಾಷಣ ಮುಗಿದುಹೋಗುವುದು. ಫೋಟೊ ಹೋಗಿಬಿಟ್ಟಿದೆ, ‘ನಿಮ್ಮಪ್ಪನಿಗೆ ಕಳಿಸ್ತೀನಿ’ ಎಂದು ಅತ್ತಲಿಂದ ಒಬ್ಬ ಹೆದರಿಸುತ್ತಿದ್ದಾನೆ. ಅವನ ಬಂಡವಾಳ ಆ ಫೋಟೊ ಅಲ್ಲ, ಮನೆಯ ಭಯ. ಗೊತ್ತಾದರೆ ಮೊದಲು ಫೋನು ಹೋಗುತ್ತದೆ, ಹುಡುಗಿಯಾದರೆ ಆಮೇಲೆ ಓದೂ ಹೋದೀತು. ‘ಕಳಿಸಬೇಡಿ’ ಎಂದಷ್ಟೇ ಕೇಳಿಸಿಕೊಂಡವಳು ತಪ್ಪು ತನ್ನದೇ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಅವಳಿಗೆ ಬೇಕಾದದ್ದು ಬೇರೆ. 1930 ಮುಖ್ಯವಾಗಿ ದುಡ್ಡು ಕಳೆದುಕೊಂಡವರಿಗೆ. ಇಂಥದ್ದನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನ ಮಹಿಳೆ–ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರಬಹುದು. ಚಾಟ್ ಅಳಿಸಬಾರದು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಚಿತ್ರವನ್ನು ಫೋನಿನಿಂದ ಆಚೆ ಕಳಿಸದೆ ಅದರ ಡಿಜಿಟಲ್ ಗುರುತನ್ನಷ್ಟೇ ಪಡೆದು, ಇನ್‌ಸ್ಟಾಗ್ರಾಂನಂಥ ಕಡೆ ಅದನ್ನು ತಡೆಯಲು ನೆರವಾಗುತ್ತದೆ. ಮಾತಾಡಲು ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಇನ್ನೂ ಸೂಕ್ಷ್ಮ. ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗು ಇರುವಲ್ಲಿಗೋ ಅದು ಹೇಳಿದಲ್ಲಿಗೋ ಹೋಗಬೇಕು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಇರಬೇಕು ಎನ್ನುತ್ತದೆ 24ನೇ ಕಲಂ. ಮಗುವಿನ ಹೆಸರು ಪತ್ರಿಕೆಗೆ ಹೋಗುವಂತಿಲ್ಲ. ವೇದಿಕೆಯ ಮೇಲೆ ಖಾಕಿಯಲ್ಲಿ ನಿಂತ ಸಾಹೇಬರು ಇದೊಂದನ್ನು ಬಾಯ್ತುಂಬ ಹೇಳಿದ್ದರೆ ಉಳಿದ ಅರ್ಧ ಗಂಟೆಯನ್ನು ನಾನು ಮಾಫಿ ಮಾಡುತ್ತಿದ್ದೆ.

‘ಬೈಯುವುದಿಲ್ಲ, ಫೋನು ಕಿತ್ತುಕೊಳ್ಳುವುದಿಲ್ಲ, ಮೊದಲು ನಮಗೆ ಹೇಳು’ ಎಂಬ ಮಾತನ್ನು ಅಪ್ಪ–ಅಮ್ಮನಿಂದ ಆಡಿಸಬೇಕಾದರೆ ಅವರನ್ನೂ ಕೂರಿಸಬೇಕು. ಆಗಸ್ಟ್‌ನಲ್ಲಿ ಕರೆದರೆ ಯಾರೂ ಬರುವುದಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿರುತ್ತದೆ.