ಬಡಿದಾಟಕ್ಕಿಂತ ಸಾಮು ಚೆಂದ

ತೋಳೆರಡನ್ನೂ ಅಗಲಕ್ಕೆ ಚಾಚಿ, ಕೈಗೊಂದರಂತೆ ನೀರು ತುಂಬಿದ ಬಕೀಟು ಹಿಡಿದು ಬೋಳುತಲೆಯ ಹುಡುಗನೊಬ್ಬ ನಡೆಯುತ್ತಿದ್ದಾನೆ. ತೋಳಿಗೆ ಚೂರಿ ಕಟ್ಟಿದ್ದಾರೆ, ಮೊನೆ ಪಕ್ಕೆಲುಬಿನ ಕಡೆಗಿದೆ. ಕೈ ಇಳಿದರೆ ಚೂರಿ ಚುಚ್ಚುತ್ತದೆ. ಹಾಗಾಗಿ ಬೈಯುವ ಗುರುವೂ ಬೇಕಿಲ್ಲ, ಬೆತ್ತವೂ ಬೇಕಿಲ್ಲ. ಹುಡುಗನ ಭುಜ ನಡುಗುವುದನ್ನು, ಉಸಿರು ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನು, ಇನ್ನೆಷ್ಟು ದೂರ ಎಂದು ಕಣ್ಣು ಅಳೆಯುವುದನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. 1978ರಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸಂಸ್ಥೆ ತಯಾರಿಸಿದ ‘ದಿ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’ ಚಿತ್ರದ ದೃಶ್ಯವಿದು. ಈಗ ನೋಡಿದರೆ ಕೂತಲ್ಲಿಯೇ ನನ್ನ ಹೆಗಲೂ ಬಿಗಿಯುತ್ತದೆ. ಹುಡುಗನಾಗಿದ್ದಾಗ ಇದೇ ದೃಶ್ಯ ನೋಡುತ್ತ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಬಡಿದಾಟ ಯಾವಾಗ?

ನಮ್ಮೂರು ಗೋಕಾಕ ಫಾಲ್ಸ್, ಗಿರಣಿಯ ಊರು. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಕಡೆಯೇ 1885ರಲ್ಲಿ ನೂಲಿನ ಗಿರಣಿ ಹುಟ್ಟಿಕೊಂಡಿತು. 1887ರಿಂದ ಹೊಳೆಯ ನೀರಿಗೂ ಅಲ್ಲಿ ಕೆಲಸ ಸಿಕ್ಕಿತು. ಊರಿನ ಊಟ, ನಿದ್ದೆ, ಹರಟೆಯೆಲ್ಲ ಗಿರಣಿಯ ಪಾಳಿಗೆ ತಕ್ಕಂತೆ ನಡೆಯುತ್ತಿತ್ತು. ಗಣಪತಿ ಕೂರಿಸಿದ ದಿನಗಳಲ್ಲಿ ಬಣ್ಣದ ಟಿವಿ, ವಿಸಿಆರ್ ಬಾಡಿಗೆಗೆ ತಂದು ಒಂದೇ ರಾತ್ರಿ ಮೂರು ಪಿಕ್ಚರ್ ಹಾಕುತ್ತಿದ್ದರು. ಮೊದಲು ರಾಜ್‌ಕುಮಾರ್, ಆಮೇಲೆ ಒಂದು ಹಿಂದಿ. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಮನೆಗೆ ಹೋದ ಮೇಲೆ ಮೂರನೆಯದು, ಕರಾಟೆ ಪಿಕ್ಚರ್. ಚೀನಾದ್ದೋ ಜಪಾನಿನದೋ, ನಮಗೆ ಎಲ್ಲವೂ ಕರಾಟೆ. ನಾಯಕ ಯಾರೇ ಇರಲಿ, ಬ್ರೂಸ್ ಲೀಯ ತಮ್ಮ. ಅವರಾಡುವ ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂಬ ಹಂಬಲವೂ ಇರಲಿಲ್ಲ.

ಸ್ಪಿನ್ನಿಂಗ್ ಖಾತೆಯಲ್ಲಿದ್ದ ಕಾಕಾ ಮಾತ್ರ ಬೇರೆಯದನ್ನೇ ನೋಡುತ್ತಿದ್ದರು. ಉದ್ದನೆಯ ಬಿದಿರುಗಳದ ತುದಿಗೆ ಸಿಕ್ಕಿಸಿದ ಸುತ್ತಿಗೆಯಿಂದ ನಾಯಕ ಗಂಟೆ ಬಾರಿಸುವ ದೃಶ್ಯ ಬಂದಾಗ ನಾವು ಹುಡುಗರು ಕ್ಯಾಸೆಟ್ ಮುಂದಕ್ಕೆ ಓಡಿಸಿರೆಂದು ಗದ್ದಲ ಎಬ್ಬಿಸಿದೆವು. “ಸುಮ್ಮಕಿರ್ರೋ. ಬಡದಾಟ ಎಲ್ಲಾ ಪಿಕ್ಚರ್‌ದಾಗೂ ಇರ್ತೈತಿ. ಆ ಹುಡುಗನ ಮುಂಗೈ ನೋಡ್ರೋ” ಎಂದರು ಕಾಕಾ. ತಿರುಗುವ ಕದಿರಿನ ಮೇಲೆ ಹರಿದುಹೋದ ಎಳೆಯನ್ನು ಬೆರಳ ತುದಿಯಲ್ಲಿ ಕೂಡಿಸುತ್ತ, ಯಂತ್ರದ ಸಾಲಿನುದ್ದಕ್ಕೂ ಪಾಳಿ ಮುಗಿಯುವವರೆಗೆ ನಡೆಯುವವರಿಗೆ ಮುಂಗೈಯ ಬೆಲೆ ಗೊತ್ತಿರುತ್ತದೆ. ಆ ಮಾತು ಆಗ ಕಿವಿಯ ಮೇಲೆ ಹಾದುಹೋಯಿತು. ಈಗ ಚಿತ್ರ ನೋಡಲು ಅದಕ್ಕಿಂತ ಒಳ್ಳೆಯ ದಾರಿ ತೋರಿಸುವ ವಿಮರ್ಶೆ ನನಗೆ ಸಿಕ್ಕಿಲ್ಲ.

ಕಥೆ ಸಣ್ಣದು. ಮಂಚೂ ಅರಸರ ಆಳ್ವಿಕೆಯಲ್ಲಿರುವ ಕ್ಯಾಂಟನ್ ಪಟ್ಟಣ. ಗುಟ್ಟಾಗಿ ಬಂಡಾಯ ಕಟ್ಟುತ್ತಿರುವ ಮೇಷ್ಟರ ಜತೆ ಸೇರಿದ ವಿದ್ಯಾರ್ಥಿ ಲಿಯು ಯುದೆ. ಗುಟ್ಟು ಬಯಲಾಗಿ ಸೇನಾಧಿಪತಿ ತಿಯೆನ್ ತಾನ ಕಡೆಯವರು ಮೇಷ್ಟರನ್ನೂ ಹುಡುಗನ ಮನೆಯವರನ್ನೂ ಕೊಲ್ಲುತ್ತಾರೆ. ಕಾಲಿಗೆ ಗಾಯ ಮಾಡಿಕೊಂಡ ಹುಡುಗ ತರಕಾರಿ ಗಾಡಿಯಲ್ಲಿ ಅಡಗಿ ಶಾವೊಲಿನ್ ಮಠ ಸೇರುತ್ತಾನೆ, ತಲೆ ಬೋಳಿಸಿಕೊಂಡು ಸಾನ್ ತೆ ಆಗುತ್ತಾನೆ. ಮಠದಲ್ಲಿ 35 ಕೋಣೆಗಳು, ಕೋಣೆಗೊಂದು ವಿದ್ಯೆ. ಎಲ್ಲ ಕಲಿತು ಊರಿಗೆ ಮರಳಿ ತಿಯೆನ್ ತಾನ ಲೆಕ್ಕ ಚುಕ್ತಾ ಮಾಡುತ್ತಾನೆ. ಇಷ್ಟೇ ಆಗಿದ್ದರೆ ಸೇಡಿನ ನೂರಾರು ಪಿಕ್ಚರುಗಳಲ್ಲಿ ಇದೂ ಒಂದಾಗಿ ಮರೆತುಹೋಗುತ್ತಿತ್ತು. ಆದರೆ ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಖಳನಾಯಕನನ್ನು ಹತ್ತಿರ ಹತ್ತಿರ ಒಂದು ಗಂಟೆ ತೆರೆಯ ಮೇಲೆ ತರುವುದೇ ಇಲ್ಲ. ಎರಡು ವರ್ಷ ಮುಂಚೆ ಬಂದ ಹಾಲಿವುಡ್ಡಿನ ‘ರಾಕಿ’ಯಲ್ಲಿ ನಾಯಕನ ತಾಲೀಮು ಒಂದು ಹಾಡು ಮುಗಿಯುವುದರೊಳಗೆ ಮುಗಿದಿರುತ್ತದೆ. ಇಲ್ಲಿ ತಾಲೀಮೇ ಚಿತ್ರದ ನಡುಮೈ. ಸೇಡು ಅದಕ್ಕೆ ಹಿಂದೊಂದು ಮುಂದೊಂದು ಹೊಲಿದ ಅಂಚು.

ಮಠದಲ್ಲಿ ಮೊದಲ ವರ್ಷ ಅವನಿಗೆ ಸಿಗುವುದು ಕಸಬರಿಗೆ. ಕೊನೆಗೂ ಕಲಿಯಲು ಅಪ್ಪಣೆ ಸಿಕ್ಕಾಗ ಯಾವ ಕೋಣೆಯಿಂದ ಶುರು ಮಾಡುತ್ತೀ ಎಂದರೆ, ಎಲ್ಲಕ್ಕಿಂತ ಮೇಲಿನ 35ನೆಯದರಿಂದ ಎನ್ನುತ್ತಾನೆ. ಅಲ್ಲಿ ಮುದುಕ ಸನ್ಯಾಸಿಗಳು ಸೂತ್ರ ಪಠಿಸುತ್ತ ಕೂತಿದ್ದಾರೆ. ಯಾರೂ ಮೈ ಮುಟ್ಟುವುದಿಲ್ಲ, ಆದರೂ ಹುಡುಗ ಹೊರಗೆ ಬಂದು ಬೀಳುತ್ತಾನೆ. ಮರುದಿನ ಎಲ್ಲಕ್ಕಿಂತ ಕೆಳಗಿನ ಕೋಣೆಗೆ ಹಾಜರು. ಆಗ ನಗೆ ಬಂದದ್ದು ಅವನು ಬಿದ್ದದ್ದಕ್ಕೆ. ಈಗ ನಗೆ ಬರುವುದು ಅವನ ಆಯ್ಕೆಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಜಾಣ ಹುಡುಗರನ್ನು ಕಂಡವರಿಗೆಲ್ಲ ಈ ಆಯ್ಕೆ ಪರಿಚಿತ.

ಕೆಳಗಿನ ಕೋಣೆಯ ಪರೀಕ್ಷೆ ನಡೆಯುವುದು ಊಟದ ಮನೆಯ ಬಾಗಿಲಲ್ಲಿ. ನಡುವೆ ನೀರಿನ ಹೊಂಡ, ನೀರಿನ ಮೇಲೆ ತೇಲುವ ಮರದ ತುಂಡುಗಳ ಕಟ್ಟು. ಅದರ ಮೇಲೊಂದು ಹೆಜ್ಜೆಯಿಟ್ಟು ಆಚೆ ಹಾರಿದವನಿಗೆ ಊಟ, ಮುಳುಗಿದವನಿಗೆ ಒದ್ದೆ ಬಟ್ಟೆ. ಉಳಿದವರು ಹಕ್ಕಿಗಳಂತೆ ದಾಟುತ್ತಿದ್ದರೆ ಸಾನ್ ತೆ ಮತ್ತೆ ಮತ್ತೆ ನೀರಿಗೆ. ನಮ್ಮೂರಿನ ತೂಗುಸೇತುವೆ ಬಲ್ಲವರಿಗೆ ಈ ದೃಶ್ಯ ಪಾದಕ್ಕೇ ತಿಳಿಯುತ್ತದೆ. ಫಾಲ್ಸಿನ ನೆತ್ತಿಯ ಮೇಲೆ ಸುಮಾರು 200 ಮೀಟರ್ ಉದ್ದಕ್ಕೆ ಹಾಸಿದ ಆ ಸೇತುವೆಯ ಮೇಲೆ ದಪದಪ ನಡೆದವನಿಗೆ ಅದು ತಿರುಗಿ ಕುಲುಕುತ್ತದೆ. ಹೆಜ್ಜೆಯ ಭಾರವನ್ನು ಎಲ್ಲಿ ಇಳಿಸಬೇಕು, ಯಾವಾಗ ಎತ್ತಬೇಕು ಎಂಬುದನ್ನು ಹಲಗೆಯೇ ಕಲಿಸುತ್ತದೆ. ಸಾನ್ ತೆಗೂ ಯಾರೂ ಸೂತ್ರ ಹೇಳಿಕೊಡುವುದಿಲ್ಲ. ರಾತ್ರಿ ಒಬ್ಬನೇ ಬಂದು, ತೇಲುವ ಮರವನ್ನು ತುಳಿಯಬಾರದು, ತಾಕಿ ದಾಟಬೇಕು ಎಂದು ಕಂಡುಕೊಳ್ಳುತ್ತಾನೆ. ಆ ಅರಿವು ಮುಖದ ಮೇಲೆ ಮೂಡುವ ಕ್ಷಣವನ್ನು ಸಾನ್ ತೆ ಪಾತ್ರದ ಗಾರ್ಡನ್ ಲಿಯು ಎಷ್ಟು ಮಿತವಾಗಿ ನಟಿಸುತ್ತಾನೆಂದರೆ, ನಗು ಕೂಡ ಪೂರ್ತಿ ಬಿಡಿಸುವುದಿಲ್ಲ.

ಬಕೀಟಿನ ಕೋಣೆಯ ನಂತರ ಕಾಕಾ ಹೇಳಿದ ಮುಂಗೈಯ ಕೋಣೆ. ಭಾರವಾದ ಸುತ್ತಿಗೆ ಉದ್ದನೆಯ ಗಳದ ಆ ತುದಿಯಲ್ಲಿದೆ, ಹಿಡಿಯಬೇಕಾದದ್ದು ಈ ತುದಿಯನ್ನು. ಮೇಲ್ವಿಚಾರಕ ಸನ್ಯಾಸಿಯ ತಾಳಕ್ಕೆ ಸರಿಯಾಗಿ ಗಂಟೆ ಹೊಡೆಯಬೇಕು. ಮೊದಮೊದಲು ಸುತ್ತಿಗೆ ಎಲ್ಲೋ, ಗಂಟೆ ಎಲ್ಲೋ. ದಿನಗಳೆದಂತೆ ಪೆಟ್ಟು ಗುರಿ ಸೇರುತ್ತದೆ, ಸದ್ದು ತುಂಬಿಕೊಳ್ಳುತ್ತದೆ. ಅವನು ಕಲಿತದ್ದನ್ನು ನಾವು ಕಣ್ಣಿಗೆ ಮುಂಚೆ ಕಿವಿಯಿಂದ ತಿಳಿಯುತ್ತೇವೆ. ಮುಂದಿನದು ಕಣ್ಣಿನ ಕೋಣೆ: ತಲೆಯ ಎರಡೂ ಬದಿಗೆ ಉರಿಯುವ ಊದುಬತ್ತಿ, ಎದುರಿಗೆ ಓಲಾಡುವ ದೀಪ. ಕಣ್ಣು ದೀಪದ ಹಿಂದೆ ಹೋಗಬೇಕು, ತಲೆ ಅಲುಗಬಾರದು, ಅಲುಗಿದರೆ ಕೆನ್ನೆ ಸುಡುತ್ತದೆ. ಬಡಿದಾಟವಿಲ್ಲ, ಓಟವಿಲ್ಲ, ಎರಡು ಕಣ್ಣುಗುಡ್ಡೆಗಳ ಅತ್ತಿತ್ತ ಅಷ್ಟೇ. ಅದರಿಂದಲೇ ನೋಡುವವರನ್ನು ಹಿಡಿದು ಕೂರಿಸುತ್ತಾನೆ ನಿರ್ದೇಶಕ. ತೂಗುಬಿಟ್ಟ ಮರಳು ಚೀಲಗಳಿಗೆ ಹಣೆಯಿಂದ ಡಿಕ್ಕಿ ಹೊಡೆಯುತ್ತ ಹಾದುಹೋಗುವ ಕೋಣೆಯಲ್ಲಿ ಮತ್ತೆ ನಗೆ ತುಸು ಹೆಚ್ಚು, ನೋವು ತುಸು ಹೆಚ್ಚು. ನೋವು, ಬೇಸರ, ಅರಿವು, ಹಗುರ ಎಂಬ ನಾಲ್ಕು ಸ್ವರಗಳು ಕೋಣೆಯಿಂದ ಕೋಣೆಗೆ ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಆದ್ದರಿಂದ ಪುನರಾವರ್ತನೆಯ ಮೇಲೆಯೇ ನಿಂತ ಈ ಭಾಗ ಎಲ್ಲಿಯೂ ಜಡವಾಗುವುದಿಲ್ಲ.

ಈ ನಿಧಾನದ ಹಿಂದೆ ಒಂದು ಮನೆತನವಿದೆ. ಲಾವ್ ಕಾರ್-ಲ್ಯೂಂಗ್ ಹುಂಗ್ ಗಾರ್ ಎಂಬ ಕುಂಗ್‌ಫು ಶೈಲಿಯನ್ನು ಕಲಿತದ್ದು ತಂದೆ ಲಾವ್ ಚಾಮ್ ಅವರಿಂದ. ತಂದೆಯ ಗುರು ಲಾಮ್ ಸೈ-ವಿಂಗ್, ಅವರ ಗುರು ದಕ್ಷಿಣ ಚೀನಾದ ಹೆಸರಾಂತ ವಾಂಗ್ ಫೇ-ಹುಂಗ್. ಘರಾಣೆಗಳ ಹೆಸರು ಹೇಳುತ್ತಲೇ ಗಾಯನ ಕೇಳುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾರ್ಡನ್ ಲಿಯು ಕೂಡ ಅದೇ ಮನೆಯಲ್ಲಿ ಕಲಿತವನು, ಆ ಮನೆತನದ ಸಾಕುಮಗ. ಹೊಡೆದಾಟದ ದೃಶ್ಯಗಳನ್ನು ಹೆಣೆದುಕೊಡುತ್ತ ಬೆಳೆದ ಲಾವ್ 1975ರಲ್ಲಷ್ಟೇ ನಿರ್ದೇಶಕನಾದದ್ದು. ಆದ್ದರಿಂದ ಅವನ ಕ್ಯಾಮೆರಾಕ್ಕೆ ಮುಚ್ಚಿಡುವುದೇನೂ ಇಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಇಡೀ ಮೈ ಚೌಕಟ್ಟಿನೊಳಗಿರುತ್ತದೆ, ಒಂದು ಚಲನೆ ಶುರುವಾಗಿ ಮುಗಿಯುವವರೆಗೆ ಕತ್ತರಿ ಕಾಯುತ್ತದೆ. ‘ಕಾಮನಬಿಲ್ಲು’ (1983) ಚಿತ್ರದಲ್ಲಿ ರಾಜ್‌ಕುಮಾರ್ ಯೋಗಾಸನ ಹಾಕುವುದನ್ನು ನೋಡಿ ಬೆರಗಾದವರಿಗೆ ಈ ಸುಖ ಯಾವುದೆಂದು ಗೊತ್ತು: ಮೈಯೊಂದು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಯಾವ ತಂತ್ರದ ಮರೆಯೂ ಇಲ್ಲದೆ ಮುಂದಿಡುವ ಸುಖ.

ನಮ್ಮ ಗರಡಿಮನೆಯಲ್ಲೂ ಇದೇ ನಡೆಯುತ್ತಿತ್ತು. ಹನುಮಪ್ಪನಿಗೆ ಕೈಮುಗಿದು ಒಳಹೊಕ್ಕ ಹುಡುಗನಿಗೆ ವಸ್ತಾದ ಮೊದಲ ದಿನ ಪಟ್ಟು ಹೇಳಿಕೊಡುವುದಿಲ್ಲ. ಕೆಂಪು ಮಣ್ಣು ಅಗೆ, ಹದ ಮಾಡು, ದಂಡ ಹೊಡೆ, ಬೈಠಕ್ ತೆಗೆ. ಕೊಲ್ಲಾಪುರದ ಖಾಸ್‌ಬಾಗ್ ಮೈದಾನದ ಕನಸು ಕಾಣುವವನೂ ಮಣ್ಣು ಅಗೆದೇ ಮೇಲೆ ಬರಬೇಕು. ಸಾಮು ಮಾಡುವವನನ್ನು ನೋಡಲೆಂದೇ ಗರಡಿಯ ಬಾಗಿಲಲ್ಲಿ ಹಿರಿಯರು ಬಂದು ಕೂರುತ್ತಿದ್ದರು. ಜಾತ್ರೆಯ ಕುಸ್ತಿ ಊರಿಗೆಲ್ಲ ಹಬ್ಬ, ಅವರಿಗೆ ಮಾತ್ರ ಬೆಳಗಿನ ಸಾಮಿನಲ್ಲೇ ಎಲ್ಲ ಕಂಡಿರುತ್ತಿತ್ತು.

ಗೊತ್ತಿರುವ ಕಥೆಯನ್ನೇ ಮತ್ತೆ ನೋಡುವ ರುಚಿಯೂ ಈ ಸೀಮೆಗೆ ಹೊಸದಲ್ಲ. ಅಪರಾಳ ತಮ್ಮಣ್ಣ ಬರೆದ, ಕುಲಗೋಡ ತಮ್ಮಣ್ಣ ಆಟಕ್ಕೆ ಅಳವಡಿಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ‘ಶ್ರೀಕೃಷ್ಣ ಪಾರಿಜಾತ’ ಇಲ್ಲಿಯದೇ. ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ರಮಿಸುತ್ತಾನೆ. ಕೊನೆಗೇನಾಗುತ್ತದೆಂದು ಆಟಕ್ಕೆ ಕೂತವರೆಲ್ಲರಿಗೂ ಗೊತ್ತು. ಆದರೂ ಬೆಳಕು ಹರಿಯುವವರೆಗೆ ಕದಲುವುದಿಲ್ಲ, ಇವತ್ತಿನ ಭಾಮೆ ಹೇಗೆ ಮುನಿಯುತ್ತಾಳೆಂದು ನೋಡಬೇಕಲ್ಲ. ಹುಡುಗರ ಪ್ರಶ್ನೆ “ಮುಂದೇನು?” ಎಂಬುದು. ಆಟ ನೋಡಿ ಪಳಗಿದವರ ಪ್ರಶ್ನೆ “ಹ್ಯಾಂಗ?” ಎಂಬುದು. ಎಳವೆಯ ಚಿತ್ರಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಗೆ ಉತ್ತರ ಹೇಳಿ ಮುಗಿದುಹೋಗುತ್ತವೆ. ಈ ಚಿತ್ರ ಎರಡನೆಯ ಪ್ರಶ್ನೆ ಕೇಳುವ ವಯಸ್ಸಿಗೆ ಕಾದಿತ್ತು.

ಕಾದಿತ್ತೆಂದ ಮಾತ್ರಕ್ಕೆ ಎಲ್ಲವೂ ಮಾಗಿದೆಯೆಂದಲ್ಲ. ಸ್ಟುಡಿಯೋದಲ್ಲಿ ಕಟ್ಟಿದ ಮಠದ ಗೋಡೆ ಕೆಲವು ಕಡೆ ಗೋಡೆಯಂತೆ ಕಾಣುವುದಿಲ್ಲ. ಮುಖದತ್ತ ತಟ್ಟನೆ ನುಗ್ಗುವ ಝೂಮ್ ಇವತ್ತಿನ ಕಣ್ಣಿಗೆ ಮುಜುಗರ. ಹೆಣ್ಣು ಪಾತ್ರಗಳಿಗೆ ಇಲ್ಲಿ ಜಾಗವೇ ಇಲ್ಲ ಎನ್ನಬೇಕು. ಮಠ ಬಿಟ್ಟು ಹೊರಟ ಮೇಲೆ ಸಾನ್ ತೆ ಶಿಷ್ಯರನ್ನು ಕೂಡಿಸುವ ಭಾಗ ಗಡಿಬಿಡಿಯಲ್ಲಿ ಮುಗಿಯುತ್ತದೆ. ನಾವು ರಾತ್ರಿಯೆಲ್ಲ ಕಾದು ಕೂತಿದ್ದ ಕೊನೆಯ ಕಾಳಗ ಚೆನ್ನಾಗಿದೆ, ಅಷ್ಟೇ. ಅದಕ್ಕಿಂತ ಮಠದೊಳಗಿನ ಮೂರು ಸ್ಪರ್ಧೆಗಳೇ ಮೇಲು. ಜೋಡಿ ಕತ್ತಿ ಹಿಡಿದ ಹಿರಿಯ ಸನ್ಯಾಸಿಗೆ ಎರಡು ಸಲ ಸೋತ ಸಾನ್ ತೆ ಬಿದಿರು ಮೆಳೆಯಲ್ಲಿ ತಾಲೀಮು ಮಾಡುತ್ತ ಮೂರು ತುಂಡಿನ ಕೋಲನ್ನು ಕಂಡುಹಿಡಿದು ಮೂರನೆಯ ಸಲ ಗೆಲ್ಲುತ್ತಾನೆ. ಅಲ್ಲಿಯವರೆಗೆ ಇದ್ದದ್ದನ್ನು ಕಲಿಯುತ್ತಿದ್ದವನು ಅಲ್ಲಿ ಮೊದಲ ಬಾರಿಗೆ ಇಲ್ಲದ್ದನ್ನು ಮಾಡುತ್ತಾನೆ. ಚಿತ್ರದ ನಿಜವಾದ ಏರು ಅದು.

ಹೊರಲೋಕ ಈ ಚಿತ್ರವನ್ನು ತನ್ನದೇ ರೀತಿಯಲ್ಲಿ ನೆನೆದಿದೆ. ನ್ಯೂಯಾರ್ಕಿನ ರ‍್ಯಾಪ್ ತಂಡ ವು-ಟ್ಯಾಂಗ್ ಕ್ಲ್ಯಾನ್ 1993ರ ತನ್ನ ಮೊದಲ ಆಲ್ಬಮ್ಮಿನ ಹೆಸರಿನಲ್ಲೇ 36 ಕೋಣೆಗಳನ್ನು ಸೇರಿಸಿಕೊಂಡಿತು. ಕ್ವೆಂಟಿನ್ ಟರಂಟಿನೊ ‘ಕಿಲ್ ಬಿಲ್’ ಎರಡನೆಯ ಭಾಗದಲ್ಲಿ (2004) ಗಾರ್ಡನ್ ಲಿಯುವಿಗೆ ಬಿಳಿಗಡ್ಡದ ಕಠೋರ ಗುರುವಿನ ಪಾತ್ರ ಕೊಟ್ಟ. ಶಿಷ್ಯನಾಗಿ ಹೆಸರಾದವನು ಗುರುವಾಗಿ ಕೂತ ಆ ಗೌರವ ಸರಿಯಾದದ್ದೇ. ಆದರೆ ನನಗೆ ಈ ಸಲ ಎಲ್ಲಕ್ಕಿಂತ ಹಿಡಿಸಿದ್ದು ಯಾರೂ ಅನುಕರಿಸದ ಒಂದು ಸಣ್ಣ ದೃಶ್ಯ.

ಎಲ್ಲ ಕೋಣೆ ದಾಟಿದವನಿಗೆ ಮಠ ಬಹುಮಾನ ಕೊಡುತ್ತದೆ: ಬೇಕಾದ ಕೋಣೆ ಆರಿಸಿಕೋ, ಅದರ ಮುಖ್ಯಸ್ಥನಾಗು. ಸಾನ್ ತೆ ಇರುವ ಯಾವ ಕೋಣೆಯನ್ನೂ ಕೇಳುವುದಿಲ್ಲ. ಹೊರಗಿನ ಸಾಮಾನ್ಯ ಜನರಿಗೆ ತಮ್ಮನ್ನು ಕಾಪಾಡಿಕೊಳ್ಳುವಷ್ಟು ವಿದ್ಯೆ ಕಲಿಸುವ 36ನೆಯ ಕೋಣೆಯೊಂದು ಬೇಕು ಎನ್ನುತ್ತಾನೆ. ಹಿರಿಯರು ಕೆರಳುತ್ತಾರೆ. ಮಠದ ವಿದ್ಯೆ ಗೋಡೆ ದಾಟುವಂತಿಲ್ಲ. ಆಗ ಮಠಾಧೀಶ ತೀರ್ಪು ಕೊಡುತ್ತಾನೆ: ಇಂಥ ಮಾತಾಡಿದ್ದಕ್ಕೆ ಶಿಕ್ಷೆಯಾಗಿ ನೀನು ಮಠ ಬಿಟ್ಟು ಊರೂರು ತಿರುಗಿ ಭಿಕ್ಷೆ ಎತ್ತಬೇಕು. ಹುಡುಗರಾಗಿದ್ದ ನಾವು ಇದನ್ನು ಶಿಕ್ಷೆಯೆಂದೇ ನಂಬಿ ಮುದುಕನ ಮೇಲೆ ಸಿಟ್ಟಾಗಿದ್ದೆವು. ಹತ್ತಾರು ವರ್ಷ ಸಾಹೇಬರ ಕೈಕೆಳಗೆ ದುಡಿದು ನಿಯಮ, ತಕರಾರು, ಸಭೆಗಳನ್ನೆಲ್ಲ ಕಂಡ ಮೇಲೆ ನೋಡಿದರೆ ಆ ಆಜ್ಞೆಯೊಳಗೆ ಮಡಿಸಿಟ್ಟ ಅಪ್ಪಣೆ ಕಾಣುತ್ತದೆ. ಊರೂರು ತಿರುಗದೆ ಶಿಷ್ಯರು ಸಿಗುವುದಾದರೂ ಹೇಗೆ? ಕೆರಳಿದವರ ಮರ್ಯಾದೆ ಉಳಿಯಿತು, ನಿಯಮ ಮುರಿಯಲಿಲ್ಲ, ಹುಡುಗ ಬೇಡಿದ್ದೂ ಸಿಕ್ಕಿತು. 35 ಕೋಣೆಗಳಲ್ಲಿ ಕಂಡ ಎಲ್ಲ ಪಟ್ಟುಗಳಿಗಿಂತ ಚೆಂದದ ಪಟ್ಟು ಹಾಕಿದವನು, ಕೂತ ಜಾಗದಿಂದ ಏಳದೆಯೇ ಹಾಕಿದವನು, ಆ ಮುದುಕ.